ಕ್ಯೂಆರ್ ಚೀಟಿ ಕಿತ್ತರೆ ಲೆಕ್ಕ ಅಳಿಸೀತೇ?

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿಗಳ ಮುಂದೆ ಕೈಬರಹದ ಚೀಟಿಗಳು ಕಾಣಿಸಿಕೊಂಡವು. ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ.’ ವರ್ಷಗಳಿಂದ ಫೋನ್ ತೋರಿಸಿ ಚಹಾ ಕುಡಿದವರು ಜೇಬು ತಡಕಾಡಿದರು. ಹದಿನೈದು ರೂಪಾಯಿಯ ಚಹಾಕ್ಕೆ ಐನೂರರ ನೋಟು ಚಾಚಿದರೆ ಅಂಗಡಿಯವರ ಬಳಿ ಚಿಲ್ಲರೆ ಇಲ್ಲ. ಎಟಿಎಂಗೆ ಹೋಗೋಣವೆಂದರೆ ಉಚಿತ ಮಿತಿ ದಾಟಿದ ಮೇಲೆ ಒಂದು ಸಲಕ್ಕೆ 23 ರೂಪಾಯಿ ಶುಲ್ಕ. ‘ಸಾಯಂಕಾಲ ಕೊಡಿ ಸರ್, ಪರವಾಗಿಲ್ಲ’ ಎಂದು ಪರಿಚಯದವರಿಗೆ ಹೇಳಬಹುದು, ದಾರಿಹೋಕರಿಗೆ ಹೇಳುವುದು ಹೇಗೆ?

ಕಾರಣ ಎಲ್ಲರಿಗೂ ಗೊತ್ತಿರುವುದೇ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಪಾವತಿ ಕಂಪನಿಗಳಿಂದ 2021-22ರಿಂದ 2024-25ರವರೆಗಿನ ಯುಪಿಐ ಮಾಹಿತಿ ತರಿಸಿಕೊಂಡು, ಜಿಎಸ್‌ಟಿ ನೋಂದಣಿಯ ಮಿತಿ ದಾಟಿಯೂ ನೋಂದಾಯಿಸಿಕೊಳ್ಳದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ತರಕಾರಿ ಮಾರುವವರೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದದ್ದು ರಾಜ್ಯದುದ್ದಕ್ಕೂ ಸುದ್ದಿಯಾಯಿತು. ವ್ಯಾಪಾರಿಗಳು ಹಾಲು, ಚಹಾ ಮಾರಾಟ ನಿಲ್ಲಿಸಿ ಪ್ರತಿಭಟಿಸಿದರು, 25ರಂದು ಬಂದ್‌ಗೆ ಕರೆ ಕೊಟ್ಟರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೊಂದಿಗೆ ಸಭೆ ನಡೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಇನ್ನು ಮುಂದೆ ನೋಂದಾಯಿಸಿಕೊಳ್ಳಬೇಕು ಎಂಬ ಭರವಸೆ ಸಿಕ್ಕ ಮೇಲೆ ಬಂದ್ ಕರೆ ಹಿಂದಕ್ಕೆ ಹೋಯಿತು.

ಗಲಾಟೆ ತಣ್ಣಗಾಯಿತು, ಗೊಂದಲ ಉಳಿಯಿತು. ಈಗಲೂ ಅನೇಕ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಫೋನ್‌ಪೇ ನಡೆಯುತ್ತದೆ, ದೊಡ್ಡ ಮೊತ್ತಕ್ಕೆ ನಗದು ಕೇಳುತ್ತಾರೆ. ಕೆಲವರು ತಮ್ಮ ಕ್ಯೂಆರ್ ತೆಗೆದು ತಮ್ಮನದೋ ಭಾವಮೈದುನನದೋ ಅಂಟಿಸಿದ್ದಾರೆ. ಇದೆಲ್ಲದರ ಹಿಂದಿರುವ ನಂಬಿಕೆ ಒಂದೇ: ಯುಪಿಐ ತೆಗೆದುಕೊಂಡದ್ದಕ್ಕೆ ತೆರಿಗೆ ಬಿತ್ತು, ಬಿಟ್ಟರೆ ತಪ್ಪುತ್ತದೆ. ಈ ನಂಬಿಕೆ ತಪ್ಪು. ಅದಕ್ಕಿಂತ ಮುಖ್ಯವಾಗಿ, ಸಣ್ಣ ವ್ಯಾಪಾರಿಗೇ ಅದು ನಷ್ಟ ತರುತ್ತದೆ. ಜಿಎಸ್‌ಟಿ ಬೀಳುವುದು ಮಾರಾಟದ ಮೇಲೆ. ಹಣ ನೋಟಿನಲ್ಲಿ ಬಂತೋ ಫೋನಿನಲ್ಲಿ ಬಂತೋ ಎಂಬುದು ಕಾನೂನಿಗೆ ಬೇಕಿಲ್ಲ. ಯುಪಿಐ ಮಾಡಿದ್ದು ಇಷ್ಟೇ: ಅಂಗಡಿಯವರು ತಲೆಯಲ್ಲಿ ಇಟ್ಟುಕೊಂಡಿದ್ದ ಲೆಕ್ಕವನ್ನು ಬೇರೆ ಯಾರೋ ಬರೆದಿಟ್ಟರು. ಅದೂ ಅರ್ಧ ಲೆಕ್ಕ. ಆ ಅರ್ಧ ಲೆಕ್ಕಕ್ಕೆ ಉತ್ತರವಾಗಿ ಅಂಗಡಿಯವರ ಬಳಿ ತಮ್ಮದೇ ಪೂರ್ತಿ ಲೆಕ್ಕ ಇರಲಿಲ್ಲ. ತೊಂದರೆಯ ಬೇರು ಇಲ್ಲಿದೆ.

ಮೊದಲು ಮಿತಿಯ ವಿಷಯ. ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೂ ಸಿಗರೇಟು, ಬೀಡಿಯಂಥ ತಂಬಾಕು, ಪಾನ್ ಮಸಾಲ, ಐಸ್‌ಕ್ರೀಂ ಮಾರುವವರಿಗೂ 20 ಲಕ್ಷ ರೂಪಾಯಿ. ಕೇಳಲು ದೊಡ್ಡ ಮೊತ್ತ. ದಿನಕ್ಕೆ ಭಾಗಿಸಿ ನೋಡಿ: 40 ಲಕ್ಷವೆಂದರೆ ದಿನಕ್ಕೆ ಸುಮಾರು 11,000, 20 ಲಕ್ಷವೆಂದರೆ ದಿನಕ್ಕೆ 5,500ಕ್ಕೂ ಕಡಿಮೆ. ಬಸ್ ನಿಲ್ದಾಣದ ಪಕ್ಕ ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವ ಅಂಗಡಿ, ಹಾಲು, ಬ್ರೆಡ್, ಬಿಸ್ಕತ್ತು ಸೇರಿ 11,000 ಮುಟ್ಟುವುದು ಕಷ್ಟವೇನಲ್ಲ. ಲಾಭ ಎಷ್ಟೆಂದು ಕಾನೂನು ಇಲ್ಲಿ ಕೇಳುವುದಿಲ್ಲ, ಮಾರಾಟ ಎಷ್ಟೆಂದು ಕೇಳುತ್ತದೆ. ಸಣ್ಣ ಅಂಗಡಿಯವರು ತಮ್ಮನ್ನು ಅಳೆದುಕೊಳ್ಳುವುದು ಕೈಯಲ್ಲಿ ಉಳಿಯುವ ಹಣದಿಂದ. ‘ತಿಂಗಳಿಗೆ ಇಪ್ಪತ್ತೈದು ಸಾವಿರ ಉಳಿಯೋದೂ ಕಷ್ಟ, ನಾನೆಂಥ ನಲವತ್ತು ಲಕ್ಷದ ವ್ಯಾಪಾರಿ?’ ಎಂಬ ಮಾತು ಪ್ರಾಮಾಣಿಕವಾದದ್ದು. ಎರಡು ಅಳತೆಗೋಲುಗಳ ನಡುವಿನ ಈ ಅಂತರವನ್ನು ಅವರಿಗೆ ಮೊದಲೇ ಯಾರೂ ಕೂರಿಸಿ ಹೇಳಲಿಲ್ಲ.

ಅಂಗಡಿಯಲ್ಲೇ ಚಹಾ ಕಾಯಿಸಿ ಲೋಟಕ್ಕೆ ಹಾಕಿ ಕೊಡುವವರು ಇನ್ನೊಂದು ಸೂಕ್ಷ್ಮ ಗಮನಿಸಬೇಕು. ಚಹಾ, ಇಡ್ಲಿ, ಎಗ್ ಪಫ್ ಬಿಸಿ ಮಾಡಿ ತಿನ್ನಲು ಕೊಡುವುದು ಹೋಟೆಲ್ ಸೇವೆಯ ಲೆಕ್ಕಕ್ಕೆ ಬರುತ್ತದೆ. 40 ಲಕ್ಷದ ಮಿತಿ ಇರುವುದು ಬರೀ ಸರಕು ಮಾರುವವರಿಗೆ. ಚಹಾದ ಒಲೆ ಹಚ್ಚಿದ ಅಂಗಡಿ 20 ಲಕ್ಷದ ಗೆರೆಯೊಳಗೆ ಬರಬಹುದು. ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಹೆಚ್ಚಿನವು ಎರಡೂ ಮಾಡುತ್ತವೆ. ಬಹಳ ಜನ ಸಿಕ್ಕಿಕೊಂಡದ್ದು ಇಲ್ಲೇ.

ಇನ್ನು ತರಕಾರಿಯವರ ಮಾತು. ತಾಜಾ ತರಕಾರಿ, ಹಣ್ಣು, ಬಿಡಿ ಹೂವು, ಎಳನೀರು, ಹಾಲು, ಮೊಟ್ಟೆ, ಬ್ರೆಡ್ ಇವುಗಳಿಗೆ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರು ಕೋಟಿ ರೂಪಾಯಿ ವಹಿವಾಟು ಮಾಡಿದರೂ ನೋಂದಾಯಿಸಿಕೊಳ್ಳಬೇಕಿಲ್ಲ, ಕಾನೂನಿನ 23ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಗಾದರೆ 29 ಲಕ್ಷ ಎಲ್ಲಿಂದ ಬಂತು? ನಾಲ್ಕು ವರ್ಷದಲ್ಲಿ ಖಾತೆಗೆ ಬಂದ ಸುಮಾರು 1.63 ಕೋಟಿಯನ್ನು ಶೇ 18ರಿಂದ ಗುಣಿಸಿದರೆ ಬರುವುದು 29 ಲಕ್ಷ ಚಿಲ್ಲರೆ. ಯುಪಿಐ ಮಾಹಿತಿಯಲ್ಲಿ ಮೊತ್ತ ಇರುತ್ತದೆ, ದಿನಾಂಕ ಇರುತ್ತದೆ. ಮಾರಿದ್ದು ಬದನೆಕಾಯಿಯೋ ಬಿಸ್ಕತ್ತೋ ಎಂಬುದು ಇರುವುದಿಲ್ಲ. ವಸ್ತು ಗೊತ್ತಿಲ್ಲದೆ ದರ ಹಾಕಿದರೆ ಉತ್ತರ ತಪ್ಪಲೇಬೇಕು. ನೋಟಿಸ್ ಅಂತಿಮ ಬೇಡಿಕೆ ಅಲ್ಲ, ವಿವರಣೆ ಕೇಳುವ ಪತ್ರ ಎಂದು ಇಲಾಖೆ ಆಮೇಲೆ ಹೇಳಿತು. ಕಾನೂನಿನ ದೃಷ್ಟಿಯಿಂದ ಅದು ನಿಜ. ಆದರೆ ತರಕಾರಿ ಮಾರುವವರ ಮನೆಯಲ್ಲಿ 29 ಲಕ್ಷ ಎಂಬ ಅಂಕಿ ಓದಿದವರ ಅಂದಿನ ರಾತ್ರಿ ಹೇಗೆ ಕಳೆದಿರಬಹುದು ಎಂಬುದನ್ನು ಆ ಪತ್ರ ಕಳಿಸುವ ಮೊದಲು ಯೋಚಿಸಬೇಕಿತ್ತು.

ತೆರಿಗೆ ಇಲ್ಲದ್ದು, ತೆರಿಗೆ ಇರುವುದು ಎರಡನ್ನೂ ಮಾರುವವರ ಲೆಕ್ಕ ಬೇರೆ. ಇಲ್ಲಿ ಎಷ್ಟೋ ಲೆಕ್ಕಪತ್ರದವರೂ ಎಡವುತ್ತಾರೆ. ಮಿತಿ ದಾಟಿತೇ ಎಂದು ನೋಡುವಾಗ ಹಾಲು, ಬ್ರೆಡ್ಡಿನ ಮಾರಾಟವನ್ನೂ ಒಟ್ಟು ವಹಿವಾಟಿಗೆ ಸೇರಿಸಬೇಕು. ತೆರಿಗೆ ಎಷ್ಟು ಎಂದು ನೋಡುವಾಗ ಅವುಗಳನ್ನು ಬಿಡಬೇಕು. ಒಂದೇ ಹಾಲು, ಒಂದು ಕಡೆ ಎಣಿಕೆಗೆ ಉಂಟು, ಇನ್ನೊಂದು ಕಡೆ ಇಲ್ಲ.

ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕೋಣ. ಚಹಾ ಮಾರದ, ಬರೀ ಸರಕಿನ ಕಾಂಡಿಮೆಂಟ್ಸ್ ಅಂಗಡಿ. ವರ್ಷದಲ್ಲಿ ಯುಪಿಐ ಮೂಲಕ ಖಾತೆಗೆ ಬಂದದ್ದು 48 ಲಕ್ಷ. ಅದರಲ್ಲಿ ಊರಿಂದ ಅಣ್ಣ ಹಾಕಿದ ಹಣ, ಎತ್ತಿದ ಚೀಟಿ, ಪಕ್ಕದ ಅಂಗಡಿಯವರ ಕೈಸಾಲ ವಾಪಸು ಬಂದದ್ದು, ‘ಐನೂರು ಕ್ಯಾಶ್ ಕೊಡಿ, ಫೋನ್‌ಪೇ ಮಾಡ್ತೀನಿ’ ಎಂದವರಿಗೆ ಕೊಟ್ಟದ್ದು, ಎಲ್ಲ ಸೇರಿ 5 ಲಕ್ಷ. ಇದು ವ್ಯಾಪಾರವಲ್ಲ. ಉಳಿದ 43 ಲಕ್ಷ ವ್ಯಾಪಾರ. ನಗದಿನ ವ್ಯಾಪಾರ 9 ಲಕ್ಷ. ಇದನ್ನು ಸೇರಿಸಲೇಬೇಕು, ಬಿಡುವಂತಿಲ್ಲ. ಒಟ್ಟು ವಹಿವಾಟು 52 ಲಕ್ಷ, ಮಿತಿ ದಾಟಿತು, ನೋಂದಣಿ ಬೇಕು. ಇದರಲ್ಲಿ ಹಾಲು, ಬ್ರೆಡ್, ಮೊಟ್ಟೆ 16 ಲಕ್ಷ. ತೆರಿಗೆ ಬೀಳುವ ಸರಕು 36 ಲಕ್ಷ.

ಈ 36 ಲಕ್ಷಕ್ಕೆ ಎಷ್ಟು ಕಟ್ಟಬೇಕು? ಇಲ್ಲಿ ಎರಡು ದಾರಿ. ವರ್ಷಕ್ಕೆ 1.5 ಕೋಟಿವರೆಗೆ ವಹಿವಾಟಿರುವವರಿಗೆ ರಾಜಿ ತೆರಿಗೆ ಪದ್ಧತಿ ಇದೆ, ಪೇಟೆಯಲ್ಲಿ ಎಲ್ಲರೂ ಕಾಂಪೋಸಿಷನ್ ಎನ್ನುತ್ತಾರೆ. ಸರಕು ಕೊಂಡು ಮಾರುವವರಿಗೆ ತೆರಿಗೆಯ ಸರಕಿನ ಮಾರಾಟದ ಮೇಲೆ ಶೇ 1, ಹೋಟೆಲಿನವರಿಗೆ ಒಟ್ಟು ಮಾರಾಟದ ಮೇಲೆ ಶೇ 5. ನಮ್ಮ ಉದಾಹರಣೆಯ ಅಂಗಡಿಗೆ ವರ್ಷಕ್ಕೆ 36,000. ಮೂರು ತಿಂಗಳಿಗೊಮ್ಮೆ 9,000, ತಿಂಗಳಿಗೆ ಮೂರು ಸಾವಿರ ಎತ್ತಿಟ್ಟರೆ ಆಯಿತು. ಇದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ಅಂಗಡಿಯವರ ಕೈಯಿಂದಲೇ ಹೋಗಬೇಕು. ಕೊಂಡ ಸರಕಿಗೆ ಕೊಟ್ಟ ತೆರಿಗೆ ವಾಪಸು ಹಿಡಿಯುವಂತಿಲ್ಲ. ಹೊರರಾಜ್ಯಕ್ಕೆ ಮಾರುವಂತಿಲ್ಲ. ಸಾಮಾನ್ಯ ಅಂಗಡಿಗೆ ಇವು ತೊಡಕೇ ಅಲ್ಲ. ಎರಡನೆಯ ದಾರಿ ಸಾಮಾನ್ಯ ನೋಂದಣಿ: ಗಿರಾಕಿಯ ಬೆಲೆಯಲ್ಲೇ ಪೂರ್ತಿ ತೆರಿಗೆ ಸೇರಿಸಿ, ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಅದರಲ್ಲಿ ಕಳೆದು, ಉಳಿದದ್ದನ್ನು ಕಟ್ಟುವುದು.

ಒಂದೇ ಒಂದು ಬಿಸ್ಕತ್ತಿನ ಬಾಕ್ಸ್ ಹಿಡಿದು ನೋಡಿದರೆ ಇಡೀ ಗಲಾಟೆ ಅರ್ಥವಾಗುತ್ತದೆ. ನೋಟಿಸ್ ಕೇಳಿದ ವರ್ಷಗಳಲ್ಲಿ ಬಿಸ್ಕತ್ತಿಗೆ ಶೇ 18 ತೆರಿಗೆ ಇತ್ತು. ಅಂಗಡಿಯವರು ಡಿಸ್ಟ್ರಿಬ್ಯೂಟರಿಂದ ಕೊಂಡದ್ದು 118 ರೂಪಾಯಿಗೆ, ಅದರಲ್ಲಿ 18 ರೂಪಾಯಿ ತೆರಿಗೆ ಆಗಲೇ ಸೇರಿದೆ. ಮಾರಿದ್ದು 125ಕ್ಕೆ. ಕೈಗೆ ಉಳಿದದ್ದು 7 ರೂಪಾಯಿ. ಕಾಂಪೋಸಿಷನ್‌ನಲ್ಲಿ ಇದ್ದಿದ್ದರೆ 1 ರೂಪಾಯಿ 25 ಪೈಸೆ ಕಟ್ಟಿ 5.75 ಉಳಿಯುತ್ತಿತ್ತು. ಸಾಮಾನ್ಯ ನೋಂದಣಿಯಲ್ಲಿ 125ರೊಳಗಿನ ತೆರಿಗೆ 19.07, ಅದರಲ್ಲಿ ಕೊಂಡಾಗಿನ 18 ಕಳೆದು 1.07 ಕಟ್ಟಿ 5.93 ಉಳಿಯುತ್ತಿತ್ತು. ನೋಂದಣಿಯೇ ಇಲ್ಲದವರ ಯುಪಿಐ ಮೊತ್ತಕ್ಕೆ ನೇರವಾಗಿ ಶೇ 18 ಹಾಕಿದರೆ ಆ ಒಂದು ಬಾಕ್ಸಿಗೆ 22.50. ಏಳು ರೂಪಾಯಿ ದುಡಿದವರಿಂದ ಇಪ್ಪತ್ತೆರಡೂವರೆ ರೂಪಾಯಿ. ಕೊಂಡಾಗ ಕೊಟ್ಟ 18 ರೂಪಾಯಿ ಸರ್ಕಾರಕ್ಕೆ ಆಗಲೇ ಸೇರಿದೆ, ಆದರೆ ನೋಂದಣಿ ಇಲ್ಲದ ಕಾಲದ ಖರೀದಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಂಡಾಗ ಕೊಟ್ಟ ತೆರಿಗೆಯನ್ನು ಕಳೆಯುವ ಅವಕಾಶ, ಸಿಗುವುದಿಲ್ಲ. ಕಾಂಪೋಸಿಷನ್ ದರವನ್ನು ಹಿಂದಿನ ವರ್ಷಗಳಿಗೆ ಅನ್ವಯಿಸಿ ಎಂದು ಕೇಳಲೂ ಬರುವುದಿಲ್ಲ, ಆ ಆಯ್ಕೆ ಇರುವುದು ನೋಂದಣಿ ಆದ ಮೇಲಿನ ದಿನಗಳಿಗೆ. ಇದರ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ, ದಂಡ. ಹಳೆಯ ಬಾಕಿ ಲಕ್ಷಗಟ್ಟಲೆ ಬೆಳೆದದ್ದು ಹೀಗೆ. ತೆರಿಗೆಯ ದರ ಅವರನ್ನು ಮುಳುಗಿಸಲಿಲ್ಲ, ಸಮಯಕ್ಕೆ ನೋಂದಾಯಿಸಿಕೊಳ್ಳದೆ ಇದ್ದದ್ದು ಮುಳುಗಿಸಿತು.

ಯಾವ ದಾರಿ ಒಳ್ಳೆಯದು ಎಂದು ಕೇಳುವವರಿಗೆ ಇದೇ ಬಾಕ್ಸ್ ಉತ್ತರ ಹೇಳುತ್ತದೆ. ಲಾಭದ ಅಂಚು ತೀರಾ ತೆಳುವಾಗಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ. ಅದೇ ಬಾಕ್ಸ್ 140ಕ್ಕೆ ಮಾರುವಂತಿದ್ದರೆ ಕಾಂಪೋಸಿಷನ್‌ನಲ್ಲಿ 20.60 ಉಳಿಯುತ್ತದೆ, ಸಾಮಾನ್ಯ ನೋಂದಣಿಯಲ್ಲಿ 18.64. ಅದರ ಜೊತೆಗೆ ಲೆಕ್ಕಪತ್ರದವರ ಶುಲ್ಕ, ಬಿಲ್ಲಿನ ಗೋಜು. ಒಬ್ಬರೋ ಇಬ್ಬರೋ ನಡೆಸುವ ಅಂಗಡಿಗೆ ಕಾಂಪೋಸಿಷನ್ ಸಾಕು. ಕಂಪನಿಗಳಿಗೆ, ಬೇರೆ ನೋಂದಾಯಿತ ಅಂಗಡಿಗಳಿಗೆ ಸರಕು ಹಾಕುವವರು ಮಾತ್ರ ಸಾಮಾನ್ಯ ನೋಂದಣಿಯ ಕಡೆ ನೋಡಬೇಕು, ಏಕೆಂದರೆ ಆ ಗಿರಾಕಿಗಳಿಗೆ ತೆರಿಗೆ ಬಿಲ್ ಬೇಕಾಗುತ್ತದೆ. ಬಾಡಿಗೆಯ ಬಗ್ಗೆಯೂ ಒಂದು ಹೆದರಿಕೆ ಹಬ್ಬಿತ್ತು: ಮಾಲೀಕರಿಗೆ ನೋಂದಣಿ ಇಲ್ಲದಿದ್ದರೆ ಅಂಗಡಿ ಬಾಡಿಗೆಗೆ ಬಾಡಿಗೆದಾರರೇ ಶೇ 18 ಕಟ್ಟಬೇಕು ಎಂದು. ಸಾಮಾನ್ಯ ನೋಂದಣಿಯವರಿಗೆ ಅದು ಉಂಟು. ಕಾಂಪೋಸಿಷನ್‌ನವರಿಗೆ 2025ರ ಜನವರಿಯಿಂದ ವಿನಾಯಿತಿ ಇದೆ.

ಈಗ ಕ್ಯೂಆರ್ ಕಿತ್ತವರ ವಿಷಯಕ್ಕೆ ಬರೋಣ. ಹಿಂದಿನ ನಾಲ್ಕು ವರ್ಷದ ಮಾಹಿತಿ ಆಗಲೇ ಇಲಾಖೆಯ ಬಳಿ ಇದೆ. ಇವತ್ತು ಚೀಟಿ ಕಿತ್ತರೆ ಅದು ಹೋಗುವುದಿಲ್ಲ. ಮಿತಿ ದಾಟಿದ್ದ ಅಂಗಡಿಯ ಯುಪಿಐ ಏಕಾಏಕಿ ನಿಂತರೆ ಆ ಖಾಲಿ ಜಾಗವೇ ಎದ್ದು ಕಾಣುತ್ತದೆ. ನಗದಿಗೂ ಹೆಜ್ಜೆಗುರುತು ಇದೆ: ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ. ಡಿಸ್ಟ್ರಿಬ್ಯೂಟರಿಗೆ ಬ್ಯಾಂಕಿನಿಂದ ಹಣ ಕಳಿಸುವವರ ಗಲ್ಲಾದ ನೋಟುಗಳು ಒಂದಲ್ಲ ಒಂದು ದಿನ ಬ್ಯಾಂಕಿನ ಕೌಂಟರಿಗೆ ಬರಲೇಬೇಕು.

ಭಾವಮೈದುನನ ಕ್ಯೂಆರ್ ಇನ್ನೂ ಕೆಟ್ಟ ಉಪಾಯ. ಅಂಗಡಿಯ ಬಾಡಿಗೆ ಕರಾರು, ವಿದ್ಯುತ್ ಬಿಲ್, ಪರವಾನಗಿ, ಖರೀದಿ ಎಲ್ಲ ಒಬ್ಬರ ಹೆಸರಲ್ಲಿ, ಹಣ ಮಾತ್ರ ಇನ್ನೊಬ್ಬರ ಖಾತೆಗೆ ಎಂದರೆ ವಿಚಾರಣೆಯಲ್ಲಿ ಎರಡನ್ನೂ ಕೂಡಿಸುತ್ತಾರೆ. ಆದಾಯ ತೆರಿಗೆಯವರು ಆ ಭಾವಮೈದುನನನ್ನು ಕೇಳಿದಾಗ ಅವರ ಬಳಿ ಹೇಳಲು ಏನೂ ಇರುವುದಿಲ್ಲ. ಹಣದ ಈ ಗೋಜಲು ಮನೆಯೊಳಗೂ ಬರುತ್ತದೆ. ದಿನಕ್ಕೆ ಏಳೆಂಟು ಸಾವಿರ ತನ್ನ ಖಾತೆಗೆ ಬೀಳುವುದನ್ನು ನೋಡಿದವರಿಗೆ ಅದರಲ್ಲಿ ಸರಕಿನ ಹಣ ಎಷ್ಟು, ಉಳಿಕೆ ಎಷ್ಟು ಎಂದು ಕಾಣುವುದಿಲ್ಲ. ‘ಇಷ್ಟು ದುಡ್ಡು ಬರುತ್ತೆ, ನನಗೆ ಹತ್ತು ಸಾವಿರ ಕೊಡೋಕೆ ಅಳ್ತಾನೆ’ ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ. ತೆರಿಗೆಯ ಹೆದರಿಕೆಗೆ ಸಂಬಂಧಗಳನ್ನು ಅಡವಿಡಬಾರದು.

ಯುಪಿಐ ಬಿಟ್ಟರೆ ಕೈಬಿಟ್ಟು ಹೋಗುವ ಅನುಕೂಲಗಳೂ ಇವೆ. ವ್ಯಾಪಾರಿಗೆ ಯುಪಿಐ ಶುಲ್ಕ 2020ರ ಜನವರಿಯಿಂದ ಸೊನ್ನೆ. ಆದಾಯ ತೆರಿಗೆಯ ಅಂದಾಜು ಪದ್ಧತಿಯಲ್ಲಿ ನಗದು ಮಾರಾಟದ ಶೇ 8ನ್ನು ಲಾಭ ಎಂದು ತೋರಿಸಬೇಕು, ಡಿಜಿಟಲ್ ಮಾರಾಟಕ್ಕೆ ಶೇ 6 ಸಾಕು. ನಮ್ಮ ಉದಾಹರಣೆಯ ಅಂಗಡಿಗೆ 43 ಲಕ್ಷದ ಶೇ 6, 9 ಲಕ್ಷದ ಶೇ 8, ಕೂಡಿ 3.30 ಲಕ್ಷ. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು. ಹಾಗೆ ತೋರಿಸಿದರೂ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ. ಈ ರಿಟರ್ನ್ ಎರಡು ಮೂರು ವರ್ಷ ಕೈಯಲ್ಲಿದ್ದರೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಮಾತಾಡುವ ಬಲ ಬರುತ್ತದೆ, ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗಬೇಕಾಗುವುದಿಲ್ಲ. ಬೀದಿ ವ್ಯಾಪಾರಿಗಳ ಪಿಎಂ ಸ್ವನಿಧಿ ಸಾಲ 2020ರಲ್ಲಿ ಶುರುವಾದಾಗ ಡಿಜಿಟಲ್ ಪಾವತಿಗೆ ತಿಂಗಳಿಗೆ ನೂರು ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಕೊಟ್ಟದ್ದೂ ಸರ್ಕಾರವೇ. ತಳ್ಳುಗಾಡಿಗೆ ಕ್ಯೂಆರ್ ಅಂಟಿಸಲು ಹುರಿದುಂಬಿಸಿದ ಕೈಗಳೇ ಅದರ ಮೊತ್ತ ಹಿಡಿದು ನೋಟಿಸ್ ಕೊಟ್ಟಾಗ ಆದ ನೋವನ್ನು ವ್ಯಾಪಾರಿಗಳ ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ.

ಇನ್ನು ಮಾಡಬೇಕಾದ್ದು. ಬ್ಯಾಂಕಿನಲ್ಲಿ ಅಂಗಡಿಗೇ ಒಂದು ಪ್ರತ್ಯೇಕ ಖಾತೆ ತೆರೆದು, ಗೋಡೆಯ ಕ್ಯೂಆರನ್ನು ಅದಕ್ಕೆ ಮಾತ್ರ ಜೋಡಿಸಿ. ಚೀಟಿ, ಕೈಸಾಲ, ಮನೆಯ ಹಣ ಆ ಖಾತೆಗೆ ಬರಕೂಡದು. ನಗದು ಬದಲಿಸಿ ಕೇಳುವವರಿಂದ ನಿಮ್ಮ ಸ್ವಂತ ನಂಬರಿಗೆ ಹಾಕಿಸಿಕೊಳ್ಳಿ. ಈ ಒಂದು ಕೆಲಸದಿಂದ ಮುಂದಿನ ಅರ್ಧ ತಲೆನೋವು ಕಡಿಮೆ.

ಆಮೇಲೆ ಒಂದು ಉದ್ದ ನೋಟ್‌ಬುಕ್, ನೂರು ರೂಪಾಯಿಯೂ ಆಗುವುದಿಲ್ಲ. ದಿನಕ್ಕೆ ಒಂದೇ ಸಾಲು. ತಾರೀಖು, ಸೌಂಡ್ ಬಾಕ್ಸ್ ಕಂಪನಿಯ ಆ್ಯಪ್ ತೋರಿಸುವ ಅಂದಿನ ಯುಪಿಐ ಮೊತ್ತ, ಗಲ್ಲಾದ ನಗದು, ಅದರಲ್ಲಿ ತೆರಿಗೆ ಇಲ್ಲದ ಸರಕು ಎಷ್ಟು, ಖರೀದಿ ಎಷ್ಟು, ಉದ್ರಿ ಎಷ್ಟು. ಗಲ್ಲಾ ಎಣಿಸುವಾಗ ಬೆಳಿಗ್ಗೆ ಚಿಲ್ಲರೆಗೆಂದು ಇಟ್ಟದ್ದನ್ನು ಕಳೆಯಬೇಕು, ನಡುವೆ ಹಾಲಿನವರಿಗೆ ಗಲ್ಲಾದಿಂದ ಕೊಟ್ಟದ್ದನ್ನು ಕೂಡಿಸಬೇಕು. ಹೆಚ್ಚಿನವರ ನಗದು ಲೆಕ್ಕ ತಪ್ಪುವುದು ಈ ಎರಡರಲ್ಲೇ. ತೆರಿಗೆ ಇಲ್ಲದ ಸರಕನ್ನು ಪ್ರತಿ ಗಿರಾಕಿಗೂ ಬರೆಯುತ್ತ ಕೂರುವುದು ಆಗದ ಮಾತು. ಸುಲಭದ ದಾರಿ ಖರೀದಿಯಿಂದ ಹಿಂದಕ್ಕೆ ಬರುವುದು: ಬೆಳಿಗ್ಗೆ 80 ಪ್ಯಾಕೆಟ್ ಹಾಲು ಇಳಿಯಿತು, ರಾತ್ರಿ 6 ಉಳಿಯಿತು, 74 ಮಾರಿತು, ಅದನ್ನು ಮಾರುವ ದರದಿಂದ ಗುಣಿಸಿದರೆ ಸಾಕು. ಹಾಲು, ಬ್ರೆಡ್, ಮೊಟ್ಟೆಯ ಸಪ್ಲೈ ಚೀಟಿಗಳನ್ನು ತಿಂಗಳವಾರು ಕವರಿಗೆ ಹಾಕಿಡಿ. ನಾಳೆ ‘ಇಷ್ಟು ಹಾಲು ಮಾರಿದ್ದಕ್ಕೆ ಪುರಾವೆ ಏನು?’ ಎಂದರೆ ಆ ಕವರೇ ಉತ್ತರ. ಇನ್ನೊಂದು ಎಚ್ಚರ: ಹಾಲಿಗೆ ತೆರಿಗೆ ಇಲ್ಲವೆಂದು ಪ್ಯಾಕೆಟ್ ಮೊಸರನ್ನೂ ಅದೇ ಸಾಲಿಗೆ ಸೇರಿಸಬೇಡಿ, ಮುದ್ರಿತ ಪ್ಯಾಕೆಟ್ಟಿನ ಮೊಸರಿಗೆ 2022ರ ಜುಲೈಯಿಂದ ಶೇ 5 ಇದೆ.

ತಿಂಗಳ ಕೊನೆಗೆ ಮೊತ್ತ ಕೂಡಿಸಿ, ಏಪ್ರಿಲ್‌ನಿಂದ ಇಲ್ಲಿಯವರೆಗೆ ಎಷ್ಟಾಯಿತು ಎಂದು ಕೆಂಪು ಶಾಯಿಯಲ್ಲಿ ಬರೆಯಿರಿ. ಸರಕಿನ ಅಂಗಡಿಯಲ್ಲಿ ಅದು 30 ಲಕ್ಷ ಮುಟ್ಟಿದರೆ, ಚಹಾ ಇಲ್ಲವೇ ಸಿಗರೇಟು ಮಾರುವ ಅಂಗಡಿಯಲ್ಲಿ 15 ಲಕ್ಷ ಮುಟ್ಟಿದರೆ ಕಾಗದಪತ್ರ ಸಿದ್ಧ ಮಾಡಿಕೊಳ್ಳುವ ಕಾಲ ಬಂತೆಂದು ತಿಳಿಯಿರಿ. ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಪ್ಯಾನ್, ಆಧಾರ್, ಫೋಟೊ, ವಿದ್ಯುತ್ ಬಿಲ್, ಬಾಡಿಗೆ ಕರಾರು ಅಥವಾ ಮಾಲೀಕರ ಒಪ್ಪಿಗೆ ಪತ್ರ, ಬ್ಯಾಂಕ್ ಪಾಸ್‌ಬುಕ್ ಬೇಕು. ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಅರ್ಜಿ ತುಂಬುವಾಗಲೇ ಕಾಂಪೋಸಿಷನ್ ಆಯ್ಕೆಗೆ ಟಿಕ್ ಮಾಡಬೇಕು. ಅದು ಮರೆತರೆ ಸಾಮಾನ್ಯ ನೋಂದಣಿ ಬಂದುಬಿಡುತ್ತದೆ, ಬದಲಿಸಲು ಮುಂದಿನ ಏಪ್ರಿಲ್‌ವರೆಗೆ ಕಾಯಬೇಕು. ಅರ್ಜಿ ತುಂಬಿಕೊಡುವ ಸೈಬರ್ ಅಂಗಡಿಗಳಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ, ಎದುರಿಗೆ ಕೂತು ನೋಡಿಕೊಳ್ಳಿ. ಒಟಿಪಿ ಬರುವ ಮೊಬೈಲ್ ನಂಬರ್, ಇಮೇಲ್ ಎರಡೂ ನಿಮ್ಮದೇ ಆಗಿರಲಿ. ಬೇರೆಯವರ ಇಮೇಲ್ ಕೊಟ್ಟರೆ ಮುಂದೆ ಬರುವ ನೋಟಿಸ್ ಅವರ ಪೆಟ್ಟಿಗೆಯಲ್ಲೇ ಕೊಳೆಯುತ್ತದೆ.

ನೋಂದಣಿ ಸಿಕ್ಕ ಮೇಲೆ ಕೆಲಸ ಸ್ವಲ್ಪವೇ. ಪ್ರತಿ ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 18ರೊಳಗೆ, ಅಂದರೆ ಜುಲೈ, ಅಕ್ಟೋಬರ್, ಜನವರಿ, ಏಪ್ರಿಲ್ 18ರೊಳಗೆ ಸಿಎಂಪಿ-08 ಎಂಬ ಫಾರಂ ತುಂಬಿ ತೆರಿಗೆ ಕಟ್ಟಬೇಕು. ವರ್ಷಕ್ಕೊಮ್ಮೆ ಜೂನ್ 30ರೊಳಗೆ ಜಿಎಸ್‌ಟಿಆರ್-4 ಎಂಬ ವಾರ್ಷಿಕ ರಿಟರ್ನ್. ಅಂಗಡಿಯ ಮುಂದೆ ಕಾಂಪೋಸಿಷನ್ ವ್ಯಾಪಾರಿ ಎಂಬ ಫಲಕ ಹಾಕಬೇಕು. 200 ರೂಪಾಯಿಗಿಂತ ಕಡಿಮೆಯ ಮಾರಾಟಕ್ಕೆ ಗಿರಾಕಿ ಕೇಳದಿದ್ದರೆ ಬಿಲ್ ಕೊಡಬೇಕಿಲ್ಲ, ದಿನದ ಕೊನೆಗೆ ಎಲ್ಲ ಸೇರಿಸಿ ಒಂದು ಬಿಲ್ ಬರೆದುಕೊಂಡರೆ ಸಾಕು. ‘ಜಿಎಸ್‌ಟಿ ಮಾಡಿಸಿದ್ರೆ ಬೀಡಿಗೂ ಬಿಲ್ ಕೊಡ್ಬೇಕು’ ಎಂಬ ಹೆದರಿಕೆಗೆ ಆಧಾರವಿಲ್ಲ.

ಹಳೆಯ ನೋಟಿಸ್ ಬಂದಿರುವವರು ಸಭೆಯ ಭರವಸೆಯನ್ನು ನಂಬಿ ಸುಮ್ಮನೆ ಕೂರಬಾರದು. ಭರವಸೆ ಒಂದು, ಕಡತ ಮುಚ್ಚಿದ ಆದೇಶ ಇನ್ನೊಂದು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ವರ್ಷವಾರು ವಿಂಗಡಿಸಿ: ವ್ಯಾಪಾರವಲ್ಲದ ಹಣ, ತೆರಿಗೆ ಇಲ್ಲದ ಸರಕು, ತೆರಿಗೆಯ ಸರಕು. ಎಪಿಎಂಸಿ ಚೀಟಿ, ಹಾಲಿನ ರಸೀದಿ, ಡಿಸ್ಟ್ರಿಬ್ಯೂಟರ್ ಬಿಲ್ ಜೋಡಿಸಿ. ಮಾರಿದ ಬೆಲೆಯೊಳಗೇ ತೆರಿಗೆ ಸೇರಿದೆ ಎಂದು ಲೆಕ್ಕ ಹಾಕಲು ಜಿಎಸ್‌ಟಿಯ 35ನೇ ನಿಯಮದಲ್ಲಿ ಅವಕಾಶವಿದೆ, ಅದನ್ನು ಉತ್ತರದಲ್ಲಿ ಕೇಳಿ. 36 ಲಕ್ಷಕ್ಕೆ ನೇರ ಶೇ 18 ಎಂದರೆ 6.48 ಲಕ್ಷ, ಒಳಗೆ ಸೇರಿದೆ ಎಂದರೆ ಸುಮಾರು 5.49 ಲಕ್ಷ. ಒಂದು ವರ್ಷಕ್ಕೇ ಲಕ್ಷದ ವ್ಯತ್ಯಾಸ. ಉತ್ತರವನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ, ಖುದ್ದು ವಿಚಾರಣೆ ಬೇಕೆಂದು ಅದರಲ್ಲೇ ಬರೆಯಿರಿ. ಆದೇಶ ವಿರುದ್ಧ ಬಂದರೆ ಮೂರು ತಿಂಗಳೊಳಗೆ ಮೇಲ್ಮನವಿ, ಅದಕ್ಕೆ ತಕರಾರಿನ ತೆರಿಗೆಯ ಶೇ 10 ಮುಂಗಡ ಕಟ್ಟಬೇಕು. ಉತ್ತರವನ್ನೇ ಕೊಡದವರ ಮೇಲೆ ಅಧಿಕಾರಿ ತಮಗೆ ಕಂಡ ಲೆಕ್ಕದ ಪ್ರಕಾರ ಆದೇಶ ಬರೆಯಬಹುದು, ಆಗ ಅವರ ಕೈಯಲ್ಲಿ ಇರುವುದು ಯುಪಿಐ ಮೊತ್ತ ಒಂದೇ.

ಇಲಾಖೆಯ ಕಡೆಯಿಂದ ಆಗಬೇಕಾದ್ದೂ ದೊಡ್ಡದಲ್ಲ. ಯುಪಿಐ ಮಾಹಿತಿಯನ್ನು ನಾಲ್ಕು ವರ್ಷ ಕೂಡಿಟ್ಟು ಒಂದೇ ಸಲ ಎಸೆಯುವ ಬದಲು ಪ್ರತಿ ವರ್ಷ ನೋಡಬಹುದು. ಯಾವ ಖಾತೆ 15 ಲಕ್ಷ, ಯಾವ ಖಾತೆ 30 ಲಕ್ಷ ಮುಟ್ಟಿದೆಯೋ ಆ ಮೊಬೈಲ್ ನಂಬರಿಗೆ ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್: ‘ನಿಮ್ಮ ವಹಿವಾಟು ಮಿತಿಯ ಹತ್ತಿರ ಬಂದಿದೆ. ಬರೀ ತರಕಾರಿ, ಹಾಲು ಮಾರುವವರಾದರೆ ನೋಂದಣಿ ಬೇಡ. ಬೇರೆ ಸರಕಾದರೆ ಶೇ 1ರ ಪದ್ಧತಿ ಇದೆ.’ ಸೌಂಡ್ ಬಾಕ್ಸ್ ಪ್ರತಿ ಹತ್ತು ರೂಪಾಯಿಗೂ ಕನ್ನಡದಲ್ಲಿ ಕೂಗಿ ಹೇಳುತ್ತದೆ, ಇದನ್ನೂ ಹೇಳಬಲ್ಲದು. ನಮ್ಮ ಉದಾಹರಣೆಯ ಅಂಗಡಿಯವರಿಗೆ 2021ರಲ್ಲೇ ಅಂಥ ಸಂದೇಶ ಬಂದಿದ್ದರೆ ನಾಲ್ಕು ವರ್ಷಕ್ಕೆ ಅವರು ಕಟ್ಟಬೇಕಾಗಿದ್ದ ತೆರಿಗೆ 1,44,000 ರೂಪಾಯಿ. ಬರದ ಕಾರಣ ಅದೇ ವ್ಯಾಪಾರಕ್ಕೆ, ವ್ಯಾಪಾರವಲ್ಲದ ಹಣವನ್ನೂ ಹಾಲನ್ನೂ ಕಳೆಯದೆ ನಾಲ್ಕು ವರ್ಷದ 48 ಲಕ್ಷಗಳಿಗೆ ಶೇ 18 ಹಾಕಿದರೆ ನೋಟಿಸ್‌ನಲ್ಲಿ ಕಾಣುವ ಅಂಕಿ 34,56,000.